ಎಂಟಡಿ ಕೋಣೆಯಲ್ಲಿ ಒಂದು ತಿಂಗಳು

ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಯಾರಾದರೂ ಕೇಳಿದರೆ ನೀವು ತಕ್ಷಣ ಉತ್ತರಿಸುತ್ತೀರಿ. ಅದರಲ್ಲಿ ಗಂಡನ ಜತೆ ಬಾಳಿದ ದಿನಗಳೆಷ್ಟು ಎಂದು ಕೇಳಿದರೆ? ಗಂಡನನ್ನು ಗಲ್ಫಿಗೆ ಕಳುಹಿಸಿ ಊರಿನಲ್ಲಿ ಮನೆ ನಡೆಸಿದ ಸಹೋದರಿಯರು ಬೆರಳು ಮಡಿಚಿ ಲೆಕ್ಕ ಹಾಕಬೇಕಾಗುತ್ತದೆ. ನನ್ನವರು 24 ವರ್ಷ ಸೌದಿಯಲ್ಲಿದ್ದರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಎಲ್ಲ ಕೂಡಿಸಿದರೆ ಎರಡೇ ವರ್ಷ!

ಕೆಲಸ ಬಿಟ್ಟು ಅವರು ಊರಿಗೆ ಬಂದಾಗ ಎಲ್ಲರಿಗೂ ಸಂತೋಷ. ಆದರೆ ದಿನ ಕಳೆದಂತೆ ಮನೆಯಲ್ಲಿ ಒಂದು ಬಗೆಯ ಮುಜುಗರ. ಮನೆಗೆ ಅದರದ್ದೇ ಕ್ರಮ ಬಂದಿತ್ತು, ಅವರು ಅದರಲ್ಲಿ ಅತಿಥಿಯಂತಿದ್ದರು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಅವರಿಗೆ ತಿಳಿಯದು. ಅವರು ಚಹಾಕ್ಕೆ ಸಕ್ಕರೆ ಬಿಟ್ಟಿದ್ದಾರೆಂದು ನನಗೂ ತಿಳಿಯದು.

ಸೌದಿಯಲ್ಲಿ ಲಾರಿ ಓಡಿಸಿದ ಅವರಿಗೆ ಬಹುಕಾಲದ ಒಂದು ಆಸೆಯಿತ್ತು. ಪಿಕಪ್ ವಾಹನದ ಬೆನ್ನ ಮೇಲೆ ಪುಟ್ಟ ಕೋಣೆ ಕಟ್ಟಿಸಿ ಲಡಾಖ್‌ಗೆ ಹೋಗಬೇಕು! "ಮಕ್ಕಳು ದೊಡ್ಡವರಾದರು. ಇನ್ನು ನಾವಿಬ್ಬರೇ ಹೋಗೋಣ" ಎಂದರು. ನೆಂಟರು ನಕ್ಕರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂದು ಕೇಳಿದವರೂ ಇದ್ದರು. ನಾನು ಒಪ್ಪಿಕೊಂಡೆ.

ಕೋಣೆಯ ಉದ್ದ ಎಂಟು ಅಡಿ, ಅಗಲ ಆರು ಅಡಿಗಿಂತಲೂ ಕಡಿಮೆ. ಮಡಚುವ ಹಾಸಿಗೆ, ಒಂದು ಗ್ಯಾಸ್ ಒಲೆ, 50 ಲೀಟರ್ ನೀರಿನ ಟ್ಯಾಂಕ್, ಮೇಲೆ ಸೋಲಾರ್ ಫಲಕ. ವಾಹನದ ರೂಪ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಅದನ್ನು ದಾಖಲೆಯಲ್ಲಿ ಬರೆಸಿಯೇ ಜೂನ್ ನಡುವಿನಲ್ಲಿ ಹೊರಟೆವು.

ಶ್ರೀನಗರದವರೆಗಿನ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿಂದ ಲೇಹ್‌ಗೆ ಸುಮಾರು 420 ಕಿಲೋಮೀಟರ್. ಸೋನಾಮಾರ್ಗ್ ದಾಟಿದ ಮೇಲೆ ಸಿಗುವ ಝೋಜಿ ಲಾ ಕಣಿವೆದಾರಿಯ ಎತ್ತರ ಸುಮಾರು 3,500 ಮೀಟರ್. ಒಂದು ಕಡೆ ಗೋಡೆಯಂತಹ ಬೆಟ್ಟ, ಇನ್ನೊಂದು ಕಡೆ ಪ್ರಪಾತ. ಅದರ ಆಚೆ ಹೋದೊಡನೆ ಲೋಕವೇ ಬದಲಾಗುತ್ತದೆ. ಮಳೆಯ ಮೋಡಗಳನ್ನು ಬೆಟ್ಟಗಳು ತಡೆಯುವುದರಿಂದ ಹಸಿರು ಈಚೆಗೇ ನಿಂತುಬಿಡುತ್ತದೆ. ಆಚೆ ಬರೇ ಕಂದು, ಬೂದು ಬಣ್ಣದ ಬೋಳು ಬೆಟ್ಟಗಳು. ನದಿ ಇರುವಲ್ಲಿ ಮಾತ್ರ ಊರು, ಮರ, ಹೊಲ.

ಸಹೋದರಿಯರೇ, ಅಡುಗೆಯ ವಿಷಯ ನಿಮಗೆ ಹೇಳಲೇಬೇಕು. ದ್ರಾಸ್‌ನಲ್ಲಿ ಅಭ್ಯಾಸಬಲದಿಂದ ಕುಚ್ಚಲಕ್ಕಿಯನ್ನು ಪಾತ್ರೆಯಲ್ಲಿ ಬೇಯಲಿಟ್ಟೆ. ಗಂಟೆ ಕಳೆದರೂ ಅಕ್ಕಿ ಅಕ್ಕಿಯಾಗಿಯೇ ಇತ್ತು. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ನೀರು ಕುದಿದರೂ ಬೇಯಿಸುವಷ್ಟು ಬಿಸಿ ಅದಕ್ಕಿರುವುದಿಲ್ಲ. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆಯೂ ಬೇಯದು. ಚಳಿ ಎಂದು ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸಿ ಮಲಗುವುದಂತೂ ಪ್ರಾಣಕ್ಕೇ ಅಪಾಯ. ವಿಷಾನಿಲಕ್ಕೆ ವಾಸನೆಯಿಲ್ಲ. ನಾವು ಅಡುಗೆಯ ಹೊತ್ತಿಗೂ ಕಿಟಕಿ ತೆರೆದಿಡುತ್ತಿದ್ದೆವು.

ಆ ಪುಟ್ಟ ಕೋಣೆಯಲ್ಲಿ ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಕೆಲಸ ತಾನಾಗಿಯೇ ಹಂಚಿಹೋಯಿತು. ನೀರು ತುಂಬಿಸುವುದು, ಪಾತ್ರೆ ತೊಳೆಯುವುದು ಅವರದು. ನಕ್ಷೆ ನೋಡಿ ದಾರಿ ಹೇಳುವುದು ನನ್ನದು. ಹಿಮ ಕರಗಿದ ತೊರೆಗಳು ಮಧ್ಯಾಹ್ನದ ಬಿಸಿಲಿಗೆ ಉಕ್ಕುತ್ತವೆ. ಅವುಗಳನ್ನು ಬೆಳಿಗ್ಗೆಯೇ ದಾಟಬೇಕು. ಆದ್ದರಿಂದ ಫಜ್ರ್ ಮುಗಿಸಿದೊಡನೆ ಹೊರಡುತ್ತಿದ್ದೆವು.

ಕಾರ್ಗಿಲ್ ದಾಟಿ, ಆ ಹೆದ್ದಾರಿಯಲ್ಲೇ ಅತಿ ಎತ್ತರದ ಫೋಟು ಲಾ ಹತ್ತಿಳಿದು ಲೇಹ್ ಸೇರಿದೆವು. ಮೂರು ದಿನ ವಿಶ್ರಾಂತಿಯ ನಂತರ ಖರ್ದೂಂಗ್ ಲಾ ಕಡೆಗೆ ಹೊರಟೆವು. ಅದರ ಎತ್ತರ 5,359 ಮೀಟರ್. ಸಮುದ್ರ ಮಟ್ಟದಲ್ಲಿ ಸಿಗುವ ಆಮ್ಲಜನಕದ ಅರ್ಧದಷ್ಟು ಮಾತ್ರ ಅಲ್ಲಿ ಸಿಗುತ್ತದೆ. ಸೌತ್ ಪುಲ್ಲು ತಪಾಸಣಾ ಠಾಣೆ ತಲಪುವಾಗ ನನ್ನ ತಲೆ ಸಿಡಿಯುತ್ತಿತ್ತು. ಹೊಟ್ಟೆ ತೊಳಸುತ್ತಿತ್ತು. ಇಷ್ಟು ದೂರ ಬಂದು ನನ್ನಿಂದಾಗಿ ಅವರ ಆಸೆ ಮುರಿಯುವುದೇ ಎಂಬ ಅಳುಕು. 24 ವರ್ಷ ಫೋನಿನಲ್ಲಿ "ನಾವೆಲ್ಲ ಚೆನ್ನಾಗಿದ್ದೇವೆ" ಎಂದು ಹೇಳಿಯೇ ಅಭ್ಯಾಸವಾದ ನಾಲಗೆ ಇದು. ಜ್ವರವಿದ್ದರೂ ಹಾಗೆಯೇ ಹೇಳುತ್ತಿದ್ದೆ. ಅಂದು ಮಾತ್ರ "ನನಗೆ ಆಗುತ್ತಿಲ್ಲ" ಎಂದೆ.

ಅವರು ಒಂದು ಮಾತೂ ಆಡದೆ ವಾಹನ ತಿರುಗಿಸಿದರು. ಇಳಿಯುವಾಗ, "ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಹೀಗೆ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು" ಎಂದರು.

ಎತ್ತರದ ಪ್ರದೇಶದಲ್ಲಿ ತಲೆನೋವು, ವಾಕರಿಕೆ ಬಂದರೆ ಮೇಲೆ ಹತ್ತಬಾರದು, ಹೆಚ್ಚಾದರೆ ಕೂಡಲೇ ಕೆಳಗಿಳಿಯಬೇಕು. ಸಂಕೋಚದಿಂದ ಮುಚ್ಚಿಟ್ಟರೆ ಮೆದುಳಿಗೆ, ಶ್ವಾಸಕೋಶಕ್ಕೆ ನೀರು ತುಂಬಿ ಸಾವೂ ಬರಬಹುದು. ಲೇಹ್‌ನಲ್ಲಿ ಇನ್ನೂ ಮೂರು ದಿನ ಉಳಿದು, ವೈದ್ಯರಿಗೆ ತೋರಿಸಿ, ಮತ್ತೆ ಹೊರಟೆವು. ಅಲ್‌ಹಮ್ದುಲಿಲ್ಲಾಹ್, ಈ ಸಲ ಸುಖವಾಗಿ ದಾಟಿದೆವು.

ಆಚೆಗೆ ನುಬ್ರಾ ಕಣಿವೆ. ಶಯೋಕ್ ನದಿಯ ದಂಡೆಯಲ್ಲೇ ಸಾಗಿದರೆ ಗಡಿಯಂಚಿನ ತುರ್ತುಕ್. ಬಾಲ್ಟಿ ಭಾಷೆಯಾಡುವ ಮುಸ್ಲಿಮರ ಊರು. 1971ರ ಯುದ್ಧದಲ್ಲಿ ಅದು ಭಾರತಕ್ಕೆ ಸೇರಿತು. ಪ್ರವಾಸಿಗರಿಗೆ ತೆರೆದದ್ದು 2010ರಲ್ಲಿ. ನಾವು ಹೋದಾಗ ಆಪ್ರಿಕಾಟ್ ಹಣ್ಣಾಗುವ ಕಾಲ. ಮನೆಯ ಮಾಡಿನ ಮೇಲೆಲ್ಲ ಹಣ್ಣು ಒಣಗಲು ಹರವಿದ್ದರು.

ಅಲ್ಲಿನ ಒಬ್ಬ ಹಿರಿಯ ಹೆಂಗಸು ನಮ್ಮನ್ನು ಮನೆಗೆ ಕರೆದು ಚಹಾ ಕೊಟ್ಟರು. ಹರುಕು ಮುರುಕು ಉರ್ದುವಿನಲ್ಲಿ ನಮ್ಮ ಕಥೆ ಹೇಳಿದೆ. ಅವರು ಬೆಟ್ಟದ ಕಡೆ ಕೈ ತೋರಿಸಿದರು. ಅವರ ಸೋದರಮಾವನ ಕುಟುಂಬ ಆ ರಾತ್ರಿ ಆಚೆ ಉಳಿದುಬಿಟ್ಟಿತಂತೆ. ಈಗ ಮುಖ ನೋಡುವುದು ಮೊಬೈಲಿನ ಚಿತ್ರದಲ್ಲಿ ಮಾತ್ರ. "ನಿನ್ನ ಗಂಡ ಸಮುದ್ರದಾಚೆಯಿಂದ ಮರಳಿ ಬಂದ. ನಮ್ಮವರಿಗೆ ಈ ಬೆಟ್ಟ ದಾಟಲು ಆಗಲಿಲ್ಲ. ಮರಳಿ ಬಂದವರನ್ನು ಚೆನ್ನಾಗಿ ನೋಡಿಕೋ, ಮಗಳೇ" ಎಂದರು. ನನ್ನವರು ತಲೆ ತಗ್ಗಿಸಿ ಕುಳಿತಿದ್ದರು.

ನೀವೂ ಲಡಾಖ್‌ಗೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಹಣ, ಆರೋಗ್ಯ, ಅನುಕೂಲ ಇರುವುದಿಲ್ಲ. ಆದರೆ ನಿಮ್ಮವರು ದೂರದೇಶದಿಂದ ಮರಳಿ ಬಂದಿದ್ದರೆ, ನಾಲ್ಕು ದಿನವಾದರೂ ಇಬ್ಬರೇ ಎಲ್ಲಿಗಾದರೂ ಹೋಗಿಬನ್ನಿ. ಯಾರೂ ಯಜಮಾನರಲ್ಲದ, ಯಾರೂ ಅತಿಥಿಯಲ್ಲದ ಜಾಗ ಅದಾಗಿರಲಿ. ಅಲ್ಲಿ ಅವರ ಕೈಯಲ್ಲಿ ಚಹಾ ಮಾಡಿಸಿ. ತಲೆ ನೋಯುತ್ತಿದ್ದರೆ ನೋಯುತ್ತಿದೆ ಎಂದು ಹೇಳಿ.