ಇಂಜಿನ್ ಮುಚ್ಚುವ ಮೊದಲು

ಕೆಂಗೇರಿಯ ಶೆಡ್ಡಿನಲ್ಲಿ ಅಪ್ಪನ 407ರ ಇಂಜಿನ್ ಬಿಚ್ಚಿ ಅಂದಿಗೆ ನಾಲ್ಕು ದಿನ. ಬ್ಲಾಕ್ ಒಂದು ಕಡೆ, ಹೆಡ್ ಒಂದು ಕಡೆ, ಪಿಸ್ಟನ್‌ಗಳು ಹಳೇ ಪೇಪರಿನ ಮೇಲೆ ಸಾಲಾಗಿ. ಗಾಡಿ ಆಯಿಲ್ ಕುಡಿಯುತ್ತಿತ್ತು, ಬೋರ್ ಸವೆದಿತ್ತು. ಫುಲ್ ಇಂಜಿನ್ ಕೆಲಸ ಆಗಲೇಬೇಕು ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಇದ್ದದ್ದು ಟರ್ಬೊ ವಿಷಯದಲ್ಲಿ.

ಟರ್ಬೊ ಬೇಕೆಂದವಳು ನಾನು. ಅಪ್ಪ ಮತ್ತೆ ಶಿರಾಡಿ ಘಾಟಿಯ ಬಾಡಿಗೆ ಹಿಡಿಯುವ ಮಾತಾಡುತ್ತಿದ್ದರು. ಶಾಲೆಯ ರಜೆಗಳಲ್ಲಿ ಅವರ ಪಕ್ಕ ಕೂತು ಆ ಘಾಟಿ ಹತ್ತಿದ್ದೇನೆ. ಎರಡನೇ ಗೇರು, ಕಪ್ಪು ಹೊಗೆ, ಹಿಂದೆ ಹಾರ್ನ್ ಹೊಡೆಯುವ ಬಸ್ಸುಗಳು. ನನಗೆ ನಾಚಿಕೆಯಾಗುತ್ತಿತ್ತು. ಈಗ ಫೆಲೋಶಿಪ್‌ನಲ್ಲಿ ಉಳಿಸಿದ 60 ಸಾವಿರ ರೂಪಾಯಿ ಕೈಯಲ್ಲಿತ್ತು. ಆ ಗಾಡಿಯ ದುಡಿಮೆಯಲ್ಲೇ ಓದಿ ಜ್ಞಾನಭಾರತಿಯವರೆಗೆ ಬಂದವಳಿಗೆ, ಒಮ್ಮೆಯಾದರೂ ಲೆಕ್ಕ ತೀರಿಸಬೇಕು ಅನಿಸಿತ್ತು.

ಪಿಎಚ್‌ಡಿ ಚಾಳಿ ಬಿಡುತ್ತದೆಯೇ? ಓದಿದೆ, ಟಿಪ್ಪಣಿ ಮಾಡಿದೆ. ಡೀಸೆಲ್ ಉರಿಯಲು ಗಾಳಿ ಬೇಕು. ಮಾಮೂಲಿ ಇಂಜಿನ್ ಪಿಸ್ಟನ್ ಇಳಿದಾಗ ಒಳಬಂದಷ್ಟು ಗಾಳಿಯಲ್ಲೇ ಬದುಕುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಆ ಗಾಳಿಯೂ ಸುಮಾರು ಶೇ. 10ರಷ್ಟು ತೆಳು. ಟರ್ಬೊ ಮಾಡುವುದಿಷ್ಟೇ: ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವುದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಟಾಟಾದವರ 497 ಇಂಜಿನ್, ಅಂದರೆ 4 ಸಿಲಿಂಡರ್, 97 ಮಿ.ಮೀ. ಬೋರ್, ಟರ್ಬೊ ಇಲ್ಲದೆಯೂ ಬಂದಿದೆ, ಇದ್ದೂ ಬಂದಿದೆ. ನಮ್ಮದಕ್ಕೆ ಯಾಕಾಗಬಾರದು?

ಮೇಸ್ತ್ರಿ ನನ್ನ ನೋಟ್‌ಬುಕ್ ನೋಡಿ ನಗಲಿಲ್ಲ. "ಆಗತ್ತಮ್ಮ. ಆದ್ರೆ ಈಗ್ಲೇ ಹೇಳ್ಬೇಕು, ಮುಚ್ಚಿದ್ಮೇಲಲ್ಲ" ಅಂದರು. ಬ್ಲಾಕು ಬೋರಿಂಗಿಗೆಂದು ಕಾಮಾಕ್ಷಿಪಾಳ್ಯಕ್ಕೆ ಹೋಗುವ ಮೊದಲೇ ಪಿಸ್ಟನ್ ಯಾವುದೆಂದು ಗೊತ್ತಿರಬೇಕು. ಟರ್ಬೊ ಇದ್ದರೆ ಒಳಗೆ ಒತ್ತಡ, ಬಿಸಿ ಎರಡೂ ಜಾಸ್ತಿ. ಅದನ್ನು ತಡೆಯುವ ಪಿಸ್ಟನ್, ಬೇರಿಂಗ್, ಹೆಡ್ ಗ್ಯಾಸ್ಕೆಟ್ ಬೇಕು. ಟರ್ಬೊಗೆ ಆಯಿಲ್ ಹೋಗಿ ಬರಲು ಪೈಪು ಬೇಕು. ಡೀಸೆಲ್ ಪಂಪಿನ ಸೆಟ್ಟಿಂಗ್ ಬದಲಾಗಬೇಕು.

"ಪಿಸ್ಟನ್ ಈಗ ಹಾಕಿ, ಟರ್ಬೊ ಮುಂದಿನ ವರ್ಷ" ಎಂದೆ. ಅದೂ ಆಗದು. ಟರ್ಬೊಗೆಂದು ಕಂಪ್ರೆಷನ್ ಇಳಿಸಿದ ಪಿಸ್ಟನ್ ಹಾಕಿ ಟರ್ಬೊ ಹಾಕದಿದ್ದರೆ, ಚಳಿಯ ಬೆಳಗಿನಲ್ಲಿ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಎಳೆತವೂ ಕಡಿಮೆ. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎಫ್‌ಸಿಗೆ ಹೋದಾಗ ಉತ್ತರ ಕೊಡಬೇಕಾದವರು ಅಪ್ಪ.

ಅಷ್ಟು ಹೊತ್ತು ಸುಮ್ಮನಿದ್ದ ಅಪ್ಪ ಕೇಳಿದರು: "ಬ್ರೇಕ್ ಯಾವ್ದು ಹಾಕ್ತೀಯಮ್ಮ?"

ನನ್ನ ಟಿಪ್ಪಣಿಯಲ್ಲಿ ಬ್ರೇಕ್ ಇರಲಿಲ್ಲ. ಕ್ಲಚ್ಚೂ ಇರಲಿಲ್ಲ. ಹೆಚ್ಚು ಲೋಡು ಹೊತ್ತು ಬೇಗ ಹತ್ತಿದ ಗಾಡಿ ಅಷ್ಟೇ ಲೋಡು ಹೊತ್ತು ಇಳಿಯಲೂಬೇಕಲ್ಲ.

"ನಂಗೀಗ ಅರವತ್ತೆರಡು. ಗಾಡಿ ಸಲೀಸಾಗಿ ಹತ್ತತ್ತೆ ಅಂತ ಗೊತ್ತಾದ್ರೆ ಯಾವ ಬಾಡಿಗೇನೂ ಬೇಡ ಅನ್ನಲ್ಲ ನಾನು. ನಿಧಾನಕ್ಕೆ ಹತ್ತೋದಾದ್ರೆ ಸ್ವಲ್ಪ ಯೋಚ್ನೆ ಮಾಡ್ತೀನಿ" ಎಂದರು.

ಅಪ್ಪನ ಕಷ್ಟ ಕಡಿಮೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಕಡಿಮೆ ಮಾಡಲು ಹೊರಟಿದ್ದು ಆ ಪಕ್ಕದ ಸೀಟಿನಲ್ಲಿ ಕೂತು ಪಟ್ಟ ನಾಚಿಕೆಯನ್ನು.

ಕೊನೆಗೆ ಮಾಮೂಲಿ ಪಿಸ್ಟನ್ನೇ ಬಂತು. ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ಹೊಸ ಆಯಿಲ್ ಪಂಪ್. ಉಳಿದ ದುಡ್ಡಿನಲ್ಲಿ ಎಲ್ಲ ಚಕ್ರಗಳಿಗೂ ಬ್ರೇಕ್ ಲೈನರ್ ಹಾಕಿಸಿದೆವು.

ಮೊದಲ ದಿನ ಕುಂಬಳಗೋಡಿನವರೆಗೆ ಹೋಗಿ ಬಂದೆವು. ಮೈಸೂರು ರಸ್ತೆಯಲ್ಲಿ ಹಿಂದಿನಿಂದ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯಿತು. ಅಪ್ಪ ಎಡಕ್ಕೆ ಸರಿದು ದಾರಿ ಬಿಟ್ಟರು.

"ಹೊಸ ಇಂಜಿನ್ನು. ಮೊದಲ ಸಾವಿರ ಕಿಲೋಮೀಟರ್ ಹಿಂಗೇ ಹೋಗ್ಬೇಕು" ಅಂದರು.

ನಾನು ಕಿಟಕಿಯ ಗಾಜು ಪೂರ್ತಿ ಇಳಿಸಿದೆ.