ಕಾರಿನ ಕಣ್ಣು

ಮುಪ್ಪಿನಲ್ಲಿ ಮನುಷ್ಯನ ಕಣ್ಣಿಗೆ ಪೊರೆ ಬರುವಂತೆ ಕಾರಿನ ಕಣ್ಣಿಗೂ ಬರುತ್ತದೆಂಬುದನ್ನು ನಮ್ಮ ಮನೆಯ ಹಳೆಯ ಕಾರು ನನಗೆ ಕಲಿಸಿತು. ಅದರ ದೀಪದ ಮುಚ್ಚಳ ಗಾಜಲ್ಲ, ಪಾಲಿಕಾರ್ಬೊನೇಟ್. ವರ್ಷಗಟ್ಟಲೆ ಬಿಸಿಲು ಕುಡಿದು ಹಳದಿಗಟ್ಟಿತ್ತು. ಆಷಾಢದ ಜಡಿಮಳೆಯ ರಾತ್ರಿ ಆನಂದಪುರದಿಂದ ಸಾಗರಕ್ಕೆ ಹೋಗುವಾಗ, ಕಂಬಳಿಕೊಪ್ಪೆ ಹೊದ್ದು ನಡೆಯುವವರು ತೀರ ಹತ್ತಿರವಾಗುವವರೆಗೂ ಕಾಣುತ್ತಿರಲಿಲ್ಲ.

“ಎಲ್‌ಇಡಿ ಬಲ್ಬು ಹಾಕಿಬಿಡೋಣ, ಹಗಲಾಗಿಬಿಡುತ್ತದೆ!” ಎಂದ ಅಣ್ಣ.

“ನಿನಗೇನೋ ಹಗಲು; ಎದುರು ಬರುವವನಿಗೆ?” ಎಂದರು ಅಪ್ಪಯ್ಯ.

ಆ ಮಾತಿನಲ್ಲಿ ನ್ಯಾಯದೊಡನೆ ವಿಜ್ಞಾನವೂ ಇತ್ತು. ಹ್ಯಾಲೊಜೆನ್ ಬಲ್ಬಿನ ತಂತಿ ಎಲ್ಲಿ ಉರಿಯುವುದೋ ಆ ಬಿಂದುವಿಗೆ ತಕ್ಕಂತೆಯೇ ಹಿಂದಿನ ಪ್ರತಿಫಲಕವನ್ನು ರೂಪಿಸಿರುತ್ತಾರೆ. ಬೆಳಕಿನ ನೆಲೆ ತುಸು ಬದಲಾದರೂ ಡಿಮ್ ದೀಪದ ಕಿರಣ ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೇರಬಹುದು.

ಆದುದರಿಂದ 60/55 ವಾಟಿನ ಬಲ್ಬನ್ನೇ ಉಳಿಸಿಕೊಂಡೆವು. ನಾನು ನಯವಾದ ಎಮರಿ ಪೇಪರನ್ನು ನೀರಿನಲ್ಲಿ ನೆನೆಸಿ ಪೊರೆಯನ್ನು ಉಜ್ಜಿ ತೆಗೆದು, ಪಾಲಿಷ್ ಮಾಡಿ, ಬಿಸಿಲು ತಡೆಯುವ ಲೇಪ ಬಳಿದೆ. 55 ವಾಟಿನ ಬಲ್ಬು 12 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರಿಗೂ ಮಿಗಿಲಾಗಿ ಬೇಡುತ್ತದೆ. ಸಣಕಲು ತಂತಿಯಾದರೆ ವೋಲ್ಟೇಜು ದಾರಿಯಲ್ಲಿಯೇ ಕರಗುತ್ತದೆ. ಅದಕ್ಕಾಗಿ ಅಣ್ಣ ಬ್ಯಾಟರಿಯಿಂದ ದಪ್ಪ ತಂತಿ ಎಳೆದು, ಫ್ಯೂಸು ಹಾಗೂ ರಿಲೇ ಕೂಡಿಸಿದ. ಕೊನೆಗೆ ಗೋಡೆಗೆ ಬೆಳಕು ಬಿಟ್ಟು, ತಿರುಪು ತಿರುಗಿಸಿ, ಎರಡು ದೀಪಗಳ ದೃಷ್ಟಿಯನ್ನೂ ತಗ್ಗಿಸಿದೆವು.

ಹಗಲೇನೂ ಆಗಲಿಲ್ಲ, ದಾರಿ ಮಾತ್ರ ಚೆನ್ನಾಗಿ ಕಾಣುತ್ತಿದೆ. ಬೆಳಕನ್ನು ಹೆಚ್ಚಿಸಿಕೊಳ್ಳಲೆಂದೇ ಕಾಲೇಜಿಗೆ ಬಂದಿರುವ ನಾವು, ಎದುರಿಗೆ ಯಾರಾದರೂ ಬಂದಾಗ ಡಿಮ್ ಮಾಡುವುದನ್ನೂ ಕಲಿಯಬೇಕಲ್ಲವೆ, ಗೆಳೆಯರೆ?