ಹಾಜರಿ ಪುಸ್ತಕದಲ್ಲಿ ಒಂದು ದರಬಾರು

ಕಾಲೇಜಿನಲ್ಲಿ ಕನ್ನಡ ಕಲಿಸುವವನ ದಿನವು ಕಾವ್ಯದಿಂದ ಆರಂಭವಾಗುತ್ತದೆಂದು ಯಾರಾದರೂ ಭಾವಿಸಿದ್ದರೆ, ಅವರಿಗೆ ಪಂಪನ ಮೇಲಿನ ಭಕ್ತಿ ಹೆಚ್ಚು, ಕಾಲೇಜಿನ ಅನುಭವ ಕಡಿಮೆ ಎಂದು ತಿಳಿಯಬೇಕು. ಅದು ಆರಂಭವಾಗುವುದು ಹಾಜರಿ ಪುಸ್ತಕದಿಂದ. ಶಹಾಪುರದಲ್ಲಿ ಬೆಳಗಿನ ಬಸ್ಸು ಹಿಡಿದು, ಭೀಮಾ ನದಿಯನ್ನು ದಾಟಿ, ಯಾದಗಿರಿಯ ತರಗತಿಯನ್ನು ಹೊಕ್ಕೊಡನೆ ನಾನು ಮಾಡುವ ಮೊದಲ ಕೆಲಸ ಎಂಬತ್ತು ಹೆಸರುಗಳನ್ನು ಕೂಗುವುದು. ಕುಲಕರ್ಣಿ, ದೇಸಾಯಿ, ಇನಾಮದಾರ, ಮಾಲೀಪಾಟೀಲ, ಪೋತದಾರ, ಹವಾಲ್ದಾರ, ತಳವಾರ, ನಾಯಕ. ಎಂಟು ವರ್ಷಗಳ ಕಾಲ ಈ ಹೆಸರುಗಳನ್ನು ಕೂಗಿದ್ದೇನೆ. ಕೂಗುತ್ತಿರುವುದು ಏನನ್ನು ಎಂಬ ವಿಚಾರ ಮಾತ್ರ ಒಂದು ದಿನವೂ ತಲೆಗೆ ಬಂದಿರಲಿಲ್ಲ.

ಬಂದದ್ದು ಇಂಗ್ಲೆಂಡಿನ ದಾರಿಯಾಗಿ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇಂಗ್ಲಿಷ್ ವಿಭಾಗದ ಮಿತ್ರರೊಬ್ಬರಿದ್ದಾರೆ. ಮಳೆಗಾಲದ ಒಂದು ಮಧ್ಯಾಹ್ನ ಬಸ್ಸು ತಡವಾದಾಗ, ಕಾಲಕ್ಷೇಪಕ್ಕೆಂದು ಅವರು ನನ್ನ ಕೈಗೆ ಒಂದು ಪುಸ್ತಕವನ್ನು ಕೊಟ್ಟರು. 1485ರಿಂದ 1603ರವರೆಗೆ ಇಂಗ್ಲೆಂಡನ್ನು ಆಳಿದ ಟ್ಯೂಡರ್ ಅರಸರ ಮನೆವಾರ್ತೆ ಅದರ ವಿಷಯ. ಯುದ್ಧವಿಲ್ಲ, ಸಂಧಿಯಿಲ್ಲ; ಎಂಟನೆಯ ಹೆನ್ರಿಯ ಊಟಕ್ಕೆ ಮುಂಚೆ ಕೈಗೆ ನೀರು ಹಾಕುವವರು ಯಾರು, ಮೇಣದ ಬತ್ತಿಯ ಲೆಕ್ಕ ಬರೆಯುವವರು ಯಾರು, ಯಾವ ದರ್ಜೆಯವನಿಗೆ ದಿನಕ್ಕೆ ಎಷ್ಟು ರೊಟ್ಟಿ, ಎಷ್ಟು ಸೌದೆ ಎಂಬ ವಿವರಗಳೇ ತುಂಬಿದ್ದವು. ಹೀಗೆ ಅರಮನೆಯಿಂದ ದೊರೆಯುವ ಪಡಿಗೆ ಅಲ್ಲಿ ‘ಬೌಜ್’ ಎಂದು ಹೆಸರು. ಬಾಯಿ ಎಂಬರ್ಥದ ಫ್ರೆಂಚ್ ಶಬ್ದದಿಂದ ಬಂದ ಮಾತು. ಇಂದಿನ ಆಂಗ್ಲರಲ್ಲಿ ಅದನ್ನು ಬಲ್ಲವರು ವಿರಳ. ಅರಸನ ಉಡುಪುಗಳನ್ನು ಕಾಯುವ ದೊಡ್ಡ ಇಲಾಖೆಗೆ ‘ವಾರ್ಡ್‌ರೋಬ್’ ಎಂದು ಹೆಸರು. ಈಗ ಅದು ಇಲಾಖೆಯ ಪದವಿಯಿಂದ ಇಳಿದು ನಮ್ಮ ನಿಮ್ಮ ಮಲಗುವ ಕೋಣೆಯ ಗೋಡೆಗೆ ಒರಗಿ ನಿಂತಿದೆ.

ಆ ಪುಸ್ತಕದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದೇ ಸಂಗತಿ. ಅರಮನೆಯ ಊಳಿಗಗಳು ಹೋದವು. ಊಳಿಗದ ಹೆಸರುಗಳು ಮನೆತನದ ಹೆಸರುಗಳಾಗಿ ಉಳಿದವು. ಬಟ್ಲರ್ ಎಂದರೆ ಸೀಸೆಗಳನ್ನು ನೋಡಿಕೊಳ್ಳುವವನು. ಸ್ಪೆನ್ಸರ್ ಎಂದರೆ ಉಗ್ರಾಣದಿಂದ ಸಾಮಾನು ಅಳೆದು ಕೊಡುವವನು. ಮಾರ್ಷಲ್ ಎಂದರೆ ಮೂಲದಲ್ಲಿ ಕುದುರೆಯ ಆಳು. ಮನೆಯ ಕಾವಲುಗಾರನೆಂಬ ಅರ್ಥದ ಸ್ಟೂವರ್ಡ್ ಎಂಬ ಹೆಸರಂತೂ ಸ್ಟೂವರ್ಟ್ ಎಂದಾಗಿ, ಟ್ಯೂಡರರ ತರುವಾಯ ಅವರ ಸಿಂಹಾಸನವನ್ನೇ ಏರಿತು! ಊಳಿಗದ ಹೆಸರು ಅರಸುಮನೆತನದ ಹೆಸರಾಗಲು ಭಾಷೆಗಿರುವ ಔದಾರ್ಯವೇ ಬೇಕು.

ಮರುದಿನ ಹಾಜರಿ ಪುಸ್ತಕವನ್ನು ತೆರೆದಾಗ ನನ್ನ ಕಣ್ಣು ತೆರೆಯಿತು. ಪೋತದಾರ ಎಂದು ಕೂಗಿದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಖಜಾನೆಯ ಹಣದ ಚೀಲಕ್ಕೆ ಪಾರಸಿಯಲ್ಲಿ ‘ಫೋತಾ’ ಎಂದು ಹೆಸರು. ಅದನ್ನು ಹಿಡಿದವನು ಫೋತೇದಾರ. ಆಕೆಯ ಕೈಯಲ್ಲಿದ್ದದ್ದು ಒಂದು ಬಾಲ್‌ಪೆನ್ನು. ಮಾಲೀಪಾಟೀಲ ಎಂದು ಕೂಗಿದೆ. ‘ಮಾಲು’ ಎಂದರೆ ಕಂದಾಯ. ನಿಜಾಮರ ಕಾಲದಲ್ಲಿ ಊರಿನ ಕಂದಾಯ ನೋಡುವವನು ಮಾಲೀಪಾಟೀಲ, ಕಾವಲು ನೋಡುವವನು ಪೊಲೀಸ್‌ಪಾಟೀಲ. 1961ರ ಶಾಸನದಿಂದ ಆ ಅಧಿಕಾರಗಳು ರದ್ದಾದವು. ಹೆಸರನ್ನು ರದ್ದು ಮಾಡುವ ಶಾಸನವನ್ನು ಯಾರೂ ತರಲಿಲ್ಲ. ತಳವಾರ ಎಂದು ಕೂಗಿದೆ. ಸುಮಾರು ಮೂರನೆಯ ಶತಮಾನದ ನಾಗಾರ್ಜುನಕೊಂಡದ ಶಾಸನಗಳಲ್ಲಿ ‘ಮಹಾತಲವರ’ನೆಂದರೆ ರಾಜ್ಯದ ದೊಡ್ಡ ಅಧಿಕಾರಿ. ಅದೇ ಮಾತು ಶತಮಾನಗಳನ್ನು ಇಳಿದಿಳಿದು ಊರ ಕಾವಲಿನವರೆಗೆ ಬಂತು. ಕಡೆಗೆ ನೋಡಿದರೆ ‘ಹಾಜರಿ’ ಎಂಬ ಮಾತೇ ದರಬಾರಿನದು! ಅರಬ್ಬಿಯಲ್ಲಿ ಸನ್ನಿಧಿಯಲ್ಲಿರುವುದು ಎಂಬರ್ಥದ ಒಂದೇ ಧಾತುವಿನಿಂದ ‘ಹುಜೂರು’ ಹುಟ್ಟಿತು, ‘ಹಾಜರು’ ಹುಟ್ಟಿತು. ಸಿಂಹಾಸನದ ಮೇಲೆ ಕುಳಿತವನು ಹುಜೂರು. ಎದುರು ನಿಂತವನು ಹಾಜರು. ನಾನು ಪ್ರತಿದಿನವೂ ಯಾದಗಿರಿಯಲ್ಲಿ ದರಬಾರು ನಡೆಸುತ್ತಿದ್ದೆ. ಅರಸನಿರಲಿಲ್ಲ, ಅಷ್ಟೇ ಕೊರತೆ.

ಆ ದಿನ ಮನೆಗೆ ಮರಳುವಾಗ, ಶಹಾಪುರದ ಗುಡ್ಡ ಮಲಗಿದ ಬುದ್ಧನ ಹಾಗೆ ದೂರದಿಂದ ಕಾಣಿಸಿದಾಗ, ನನ್ನ ಸಂತೋಷ ಮೆಲ್ಲಗೆ ಇಳಿಯಿತು. ಅಜ್ಜಿಯ ನೆನಪಾಯಿತು.

ನನ್ನ ಅಜ್ಜಿ ಸುರಪುರದವಳು. ಅವಳ ಅಜ್ಜ ಅಲ್ಲಿಯ ಒಂದು ದೊಡ್ಡ ಮನೆಯಲ್ಲಿ ದಫ್ತರ ಬರೆಯುತ್ತಿದ್ದರಂತೆ. ಅವಳ ಮಾತಿನ ತುಂಬ ಆ ಮನೆಯ ಶಬ್ದಗಳು. ಅಡುಗೆಮನೆಗೆ ಅವಳು ‘ಮುದಪಾಕ’ ಎನ್ನುತ್ತಿದ್ದಳು. ಬಟ್ಟೆಯ ಪೆಟ್ಟಿಗೆಯಿದ್ದ ಮೂಲೆ ‘ಜಾಮದಾರಖಾನಿ’. ನೀರಿನ ಕೊಡಗಳ ಕಟ್ಟೆ ‘ಆಬದಾರಖಾನಿ’. ಎಂ. ಎ. ಮುಗಿಸಿಕೊಂಡು ಊರಿಗೆ ಬಂದಾಗ ನನ್ನ ತಲೆಯಲ್ಲಿ ಅಚ್ಚಗನ್ನಡದ ಆವೇಶ. ನಾಲ್ಕು ಜನ ನೆಂಟರ ಎದುರಿಗೇ ಅವಳನ್ನು ತಿದ್ದಿದೆ: “ಅಜ್ಜಿ, ಮುದಪಾಕ ಅನ್ನಬಾರದು. ಅಡುಗೆಮನೆ ಅನ್ನು. ಅದು ನಮ್ಮ ಭಾಷೆಯಲ್ಲ.” ನೆಂಟರು ನಕ್ಕರು. ಅಜ್ಜಿಯೂ ನಕ್ಕಳು. “ಆಗ್ಲಿಪಾ, ನೀ ಕಲ್ತಾಂವ,” ಎಂದಳು. ಆ ಮೇಲೆ ನನ್ನೆದುರಿಗೆ ಅವಳ ಮಾತು ಕಡಿಮೆಯಾಯಿತು. ವಯಸ್ಸಾದವರಿಗೆ ಮಾತು ಕಡಿಮೆಯಾಗುವುದು ಸಹಜವೆಂದು ನಾನು ತಿಳಿದೆ.

ಎರಡು ವರ್ಷಗಳ ತರುವಾಯ ಅವಳು ಹಾಸಿಗೆ ಹಿಡಿದಳು. ಒಂದು ರಾತ್ರಿ ಅವಳ ಬಳಿ ನಾನೊಬ್ಬನೇ ಇದ್ದೆ. ನಡುರಾತ್ರಿಯ ವೇಳೆಗೆ ಅವಳು ಎದ್ದು ಕುಳಿತು, “ತಸ್ತ ತಾರೋ,” ಎಂದಳು. ನನಗೆ ಅರ್ಥವಾಗಲಿಲ್ಲ. ಹೊದಿಕೆ ತಂದೆ. ಅಲ್ಲವೆಂದು ತಲೆಯಾಡಿಸಿದಳು. ನೀರು ತಂದೆ. “ತಸ್ತ,” ಎಂದು ಮತ್ತೊಮ್ಮೆ ಹೇಳಿದಳು. ಮಾತ್ರೆ ತಂದೆ. ಅಷ್ಟರಲ್ಲಿ ಅವಳಿಗೆ ವಾಂತಿಯಾಗಿ ಹಾಸಿಗೆ, ಸೀರೆ ಎಲ್ಲ ತೊಯ್ದುಹೋಯಿತು. ಜೀವಮಾನವೆಲ್ಲ ಮಡಿಯಾಗಿ ಬದುಕಿದ ಹೆಂಗಸು. ಮುಖವನ್ನು ಗೋಡೆಗೆ ತಿರುಗಿಸಿ ಮಲಗಿದಳು. ನಾನು ಒರೆಸಿ, ಬದಲಿಸಿ, ತೊಳೆದು ಬಂದು ಕುಳಿತಾಗ ಮೆಲ್ಲಗೆ ಕೇಳಿದಳು: “ಅದಕ್ಕ ನಿಮ್ಮ ಕನ್ನಡದಾಗ ಏನಂತಾರಪಾ? ನನಗ ನೆನಪಾಗಲಿಲ್ಲ.”

ಓದುಗರೇ, ತಸ್ತವೆಂದರೆ ಅಗಲ ಬಾಯಿಯ ಬೋಗುಣಿ. ಪಾರಸಿಯ ‘ತಶ್ತ್’. ಊಟವಾದ ಮೇಲೆ ಕೈ ತೊಳೆದ ನೀರು ಕೆಳಗೆ ಚೆಲ್ಲದಂತೆ ಹಿಡಿಯುವ ಪಾತ್ರೆ. ಅಜ್ಜಿ ಎರಡು ಸಲ ಸ್ಪಷ್ಟವಾಗಿ ಹೇಳಿದ್ದಳು. ನನ್ನ ಮನೆಯ ಮಾತು ನನಗೆ ತಿಳಿಯಲಿಲ್ಲ.

ಈಗ ಟ್ಯೂಡರರ ಪುಸ್ತಕವನ್ನು ಓದಿದಾಗ ಈ ಸಂಗತಿ ಮತ್ತಷ್ಟು ಚುಚ್ಚಿತು. ಅವರ ಅರಮನೆಯಲ್ಲಿ ಬೋಗುಣಿ, ಹೂಜಿ, ಕೈವಸ್ತ್ರಗಳನ್ನು ನೋಡಿಕೊಳ್ಳುವುದಕ್ಕಾಗಿಯೇ ‘ಯೂವರಿ’ ಎಂಬ ಪ್ರತ್ಯೇಕ ಇಲಾಖೆಯಿತ್ತು. ನೀರು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಹೆಸರು. ನಮ್ಮ ದಖ್ಖನಿನಲ್ಲಿ ಅದಕ್ಕೆ ಆಬದಾರಖಾನೆ. ‘ಆಬ್’ ಎಂದರೂ ನೀರೇ. ಎಂಟನೆಯ ಹೆನ್ರಿಯ ಶೌಚದ ಏರ್ಪಾಟನ್ನು ನೋಡಿಕೊಳ್ಳುತ್ತಿದ್ದವನಂತೂ ಆಸ್ಥಾನದ ಅತ್ಯಂತ ಪ್ರಭಾವಶಾಲಿಗಳಲ್ಲಿ ಒಬ್ಬ! ಕೇಳಿದರೆ ನಗು ಬರುತ್ತದೆ. ಆದರೆ ನಗುವ ಮಾತಲ್ಲ. ಒಬ್ಬ ಮನುಷ್ಯನ ದೇಹದ ಬಳಿ, ಅವನ ಅಸಹಾಯಕತೆಯ ಬಳಿ, ನಿಲ್ಲಲು ಅನುಮತಿ ಪಡೆದವನೇ ಅವನಿಗೆ ಅತ್ಯಂತ ಆಪ್ತನು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ವೀಳ್ಯದ ಚೀಲವನ್ನು, ಅಂದರೆ ಹಡಪವನ್ನು, ಹಿಡಿದ ಅಪ್ಪಣ್ಣನವರಿಗೆ ಇಂದಿಗೂ ಆ ಹಡಪವೇ ಬಿರುದಲ್ಲವೇ? ಆ ರಾತ್ರಿ ತಸ್ತ ಹಿಡಿಯುವ ಊಳಿಗ ನನ್ನ ಪಾಲಿಗೆ ಬಂದಿತ್ತು. ಆ ಊಳಿಗದ ಹೆಸರೇ ನನಗೆ ಗೊತ್ತಿರಲಿಲ್ಲ.

ಬೆಳಗಾದ ಮೇಲೆ ನಾನು ಒಂದು ನೋಟು ಪುಸ್ತಕವನ್ನು ಹಿಡಿದು ಅವಳ ಬಳಿ ಕುಳಿತೆ. “ನಿನ್ನ ಮಾತುಗಳನ್ನು ಹೇಳು, ಬರೆದುಕೊಳ್ಳುತ್ತೇನೆ,” ಎಂದೆ. “ಯಾಕ, ತಿದ್ದಲಿಕ್ಕ?” ಎಂದು ಕೇಳಿದಳು. ಅದರಲ್ಲಿ ಮೊನಚಿರಲಿಲ್ಲ, ಅದಕ್ಕಾಗಿಯೇ ಹೆಚ್ಚು ನಾಟಿತು. ಅವಳ ಅಳುಕನ್ನು ಕಳೆಯಲು ವಾರ ಹಿಡಿಯಿತು. ಆಮೇಲೆ ಅವಳು ಉಳಿದದ್ದು ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಸುರಪುರದ ಒಂದು ದೊಡ್ಡ ಮನೆ ಕೋಣೆ ಕೋಣೆಯಾಗಿ ನಮ್ಮ ಪಡಸಾಲೆಗೆ ಬಂದಿಳಿಯಿತು.

ಸುರಪುರವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಬೇಡ ನಾಯಕರ ಆ ಸಂಸ್ಥಾನ ಚಿಕ್ಕದಾದರೂ ಅಳುಕಿದ್ದಲ್ಲ. 1705ರಲ್ಲಿ ಮುದುಕ ಔರಂಗಜೇಬನು ತನ್ನ ಕಡೆಯ ಮುತ್ತಿಗೆಯನ್ನು ಹಾಕಿದ್ದು ಅವರ ವಾಗಿನಗೇರಿಯ ಕೋಟೆಗೆ. ಒಂದು ಪಕ್ಕಕ್ಕೆ ನಿಜಾಮ, ಇನ್ನೊಂದು ಪಕ್ಕಕ್ಕೆ ಪೇಶವೆ. ಇಬ್ಬರಿಗೂ ಕಪ್ಪ ಸಲ್ಲಬೇಕು. ಕಪ್ಪ ಆ ಕಡೆಗೆ ಹೋಯಿತು. ಲೆಕ್ಕ ಬರೆಯುವ ಶಬ್ದಗಳು ಈ ಕಡೆಗೆ ಬಂದವು. ಮರಾಠರ ಆಡಳಿತದಲ್ಲಿ ಹದಿನೆಂಟು ಕಾರಖಾನೆಗಳೆಂದು ಎಣಿಸುವ ವಾಡಿಕೆಯಿತ್ತು: ಆನೆಗೆ ಫೀಲಖಾನೆ, ಒಂಟೆಗೆ ಶುತುರಖಾನೆ, ಉಡುಪಿಗೆ ಜಾಮದಾರಖಾನೆ. ಕಾರಖಾನೆಯೆಂದರೆ ಅಂದು ಅರಮನೆಯ ಒಂದು ವಿಭಾಗ; ಹೊಗೆಯ ಕೊಳವೆ ಅದಕ್ಕೆ ಆಮೇಲೆ ಬಂತು. ನಾನು ತಿದ್ದಿದ ‘ಮುದಪಾಕ’ವಂತೂ ನನಗೆ ತಕ್ಕ ಶಾಸ್ತಿ ಮಾಡಿತು. ಅಡುಗೆಮನೆಗೆ ಅರಬ್ಬಿಯಲ್ಲಿ ‘ಮತ್ಬಖ್’. ಅದನ್ನು ಕೇಳಿದ ನಮ್ಮ ಜನ, ಅದರ ಬಾಲದಲ್ಲಿ ಸಂಸ್ಕೃತದ ‘ಪಾಕ’ವನ್ನು ಕಂಡುಕೊಂಡು ಮುದಪಾಕವೆಂದರು. ಪರದೇಶದಿಂದ ಬಂದ ಮಾತಿಗೆ ನಮ್ಮ ಒಲೆಯ ಬಳಿ ಮಣೆ ಹಾಕಿದರು. ಅಂಥದನ್ನು ನಮ್ಮ ಭಾಷೆಯಲ್ಲವೆಂದು ಹೇಳಲು ನಾನಾರು?

1841ರಲ್ಲಿ ಅರಸ ಕೃಷ್ಣಪ್ಪನಾಯಕನು ತೀರಿಕೊಂಡ. ಮಗ ವೆಂಕಟಪ್ಪನಾಯಕ ಇನ್ನೂ ಬಾಲಕ. ರಾಣಿ ಈಶ್ವರಮ್ಮನ ಆ ಆಸ್ಥಾನಕ್ಕೆ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಬಂದ; 1853ರವರೆಗೂ ಅಲ್ಲಿಯೇ ಇದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಪ್ರಸಿದ್ಧವಾಗಿದೆ. ‘ಮೆಡೋಸ್’ ಎಂಬ ಹೆಸರು ಜನರ ನಾಲಿಗೆಗೆ ಒಗ್ಗಲಿಲ್ಲ. ಅವರು ಅವನನ್ನು ‘ಮಹಾದೇವ ಬಾಬಾ’ ಮಾಡಿಕೊಂಡರು. ಬಾಲಕ ವೆಂಕಟಪ್ಪನಾಯಕ ಅವನನ್ನು ಅಪ್ಪ ಎಂದು ಕರೆಯುತ್ತಿದ್ದ. ಅದೇ ಬಾಲಕ ತರುಣನಾಗಿ 1858ರಲ್ಲಿ ಆಂಗ್ಲರ ವಿರುದ್ಧ ಎದ್ದ, ಸೆರೆಯಾದ, ಚೆಂಗಲ್ಪಟ್ಟಿಗೆ ಒಯ್ಯುತ್ತಿದ್ದಾಗ ದಾರಿಯಲ್ಲಿ ಗುಂಡು ತಗಲಿ ತೀರಿಕೊಂಡ. ಸಂಸ್ಥಾನ ನಿಜಾಮನ ಕೈ ಸೇರಿತು. 1948ರಲ್ಲಿ ನಿಜಾಮನ ರಾಜ್ಯವೂ ಹೋಯಿತು. 1956ರಲ್ಲಿ ಈ ಸೀಮೆ ಕನ್ನಡ ನಾಡನ್ನು ಸೇರಿತು. ಅರಸು ಬದಲಾದಾಗಲೆಲ್ಲ ಕಾಗದಗಳು ಬದಲಾದವು. ಅರಮನೆಯ ಮಾತುಗಳು ಮಾತ್ರ ಮುದುಕಿಯರ ಸೆರಗಿನ ಗಂಟಿನಲ್ಲಿ ಉಳಿದವು.

ಅಜ್ಜಿ ಹೇಳಿದ ಮಾತುಗಳು ನನ್ನ ಪುಸ್ತಕದಲ್ಲಿ ನೂರಾ ಹನ್ನೊಂದು ಇವೆ. ಕಡೆಯ ಪುಟದಲ್ಲಿ ಒಂದು ಶಬ್ದದ ಎದುರು ಅರ್ಥದ ಜಾಗ ಖಾಲಿಯಿದೆ. “ನಾಳೆ ಹೇಳ್ತೀನಿ, ಈಗ ದಣಿವಾಗ್ಯಾದ,” ಎಂದಿದ್ದಳು.

ಈಗ ತರಗತಿಯಲ್ಲಿ ನಾನು ಹುಡುಗರ ಮಾತನ್ನು ತಿದ್ದುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಪರೀಕ್ಷೆಗೆ ಬೇಕಾದ ರೂಪವನ್ನು ಕಲಿಸಲೇಬೇಕು, ಕಲಿಸುತ್ತೇನೆ; ಅದರ ಜೊತೆಗೆ, “ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?” ಎಂದೂ ಕೇಳುತ್ತೇನೆ. ಕಳೆದ ವಾರ ಹುಣಸಗಿ ಕಡೆಯ ಹುಡುಗನೊಬ್ಬ ಎದ್ದು ನಿಂತು, ನಾಚುತ್ತ, “ಸರ್, ನಮ್ಮ ಅಜ್ಜಿ ಬೋಗುಣಿಗೆ ತಸ್ತ ಅಂತಾಳ,” ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. ಕರಿಹಲಗೆಯ ಮೇಲೆ ಆ ಮಾತನ್ನು ದೊಡ್ಡದಾಗಿ ಬರೆದೆ. ಅದರ ಅರ್ಥವನ್ನು ಅವನಿಂದಲೇ ಹೇಳಿಸಿದೆ. ಆಮೇಲೆ ಹಾಜರಿ ಪುಸ್ತಕವನ್ನು ಮುಚ್ಚಿ, ಖಾಲಿ ಉಳಿದಿರುವ ಆ ಇನ್ನೊಂದು ಶಬ್ದವನ್ನು ಅದರ ಪಕ್ಕದಲ್ಲಿ ಬರೆದು, ಮನೆಗೆ ಹೋಗಿ ಅಜ್ಜಿಯಂದಿರನ್ನು ಕೇಳಿಕೊಂಡು ಬರಬೇಕೆಂದು ಎಂಬತ್ತು ಜನಕ್ಕೂ ಹೇಳಿದೆ.